ಕೊಡಗಿನಲ್ಲಿ ಬಾಡಿಗೆಗೆಂದು ಮೊದಲ ಆಸ್ತಿ: ಹಳೇ ಮನೆಯೋ, ಸೈಟೋ, ಹೋಂಸ್ಟೇಯೋ, ತೋಟದ ತುಂಡೋ, ಮೈಸೂರಿನ ಫ್ಲ್ಯಾಟೋ?

ಕಾಫಿಗೆ ಒಳ್ಳೆ ರೇಟು ಬಂದಿದ್ದೇ ತಡ, ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು. "ಕೈಯಲ್ಲಿ ಸ್ವಲ್ಪ ದುಡ್ಡಿದೆ, ಎಲ್ಲಾದರೂ ಒಂದು ಜಾಗ ಮಾಡಿಡೋಣ." ತೋಟ ಇರುವವರು ಕೇಳ್ತಾರೆ, ಸರ್ಕಾರಿ ಕೆಲಸದವರು ಕೇಳ್ತಾರೆ, ಬೆಂಗಳೂರಲ್ಲೋ ಗಲ್ಫಿನಲ್ಲೋ ಇರುವ ಮಕ್ಕಳು ಊರಿಗೆ ಬಂದಾಗ ಕೇಳ್ತಾರೆ. ಕೈಯಲ್ಲಿ ಹದಿನೈದೋ ಇಪ್ಪತ್ತೈದೋ ಲಕ್ಷ ಇರುತ್ತೆ, ಬ್ಯಾಂಕು ಸಾಲ ಕೊಡೋಕೆ ರೆಡಿ ಇರುತ್ತೆ, ಆದರೆ ಏನು ಕೊಳ್ಳಬೇಕು ಅನ್ನೋದು ಮಾತ್ರ ಗೊತ್ತಿರಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇದೇ ಮೊದಲ ಸಲ ಆದರೆ, ಪೇಟೆಯೊಳಗಿನ ಒಂದು ಸಾಧಾರಣ ಮನೆ ತಗೊಳ್ಳಿ. ವರ್ಷಪೂರ್ತಿ ಇಲ್ಲೇ ಇದ್ದು ಇಲ್ಲೇ ಕೆಲಸ ಮಾಡುವ ಜನ ಬಾಡಿಗೆಗೆ ಬರುವಂಥ ಮನೆ. ಸೈಟು, ಹೋಂಸ್ಟೇ, ತೋಟದ ತುಂಡು, ಮೈಸೂರಿನ ಫ್ಲ್ಯಾಟು ಕೆಟ್ಟವು ಅಂತಲ್ಲ, ಒಂದೊಂದೂ ಒಂದೊಂದು ಥರದವರಿಗೆ ಸರಿ. ಯಾರಿಗೆ ಯಾವುದು ಅನ್ನೋದನ್ನೇ ಕೆಳಗೆ ನೋಡೋಣ.

ಸಾಲದ ಲೆಕ್ಕ

ಆಸ್ತಿಯಿಂದ ದುಡ್ಡು ಎರಡು ದಾರಿಯಲ್ಲಿ ಬರುತ್ತೆ. ತಿಂಗಳಿಗೆ ಬಾಡಿಗೆ, ಮತ್ತೆ ಮುಂದೆ ಮಾರಿದಾಗ ಸಿಗುವ ಹೆಚ್ಚುವರಿ ಬೆಲೆ. ಕೊಡಗಿನಲ್ಲಿ ಜನ ಎರಡನೆಯದನ್ನೇ ನಂಬಿ ಕೊಳ್ಳುತ್ತಾರೆ, ಸಾಲದ ಕಂತನ್ನು ಮಾತ್ರ ಮೊದಲನೆಯದರಿಂದ ಕಟ್ಟಬೇಕು ಅಂದುಕೊಳ್ಳುತ್ತಾರೆ. ಕಷ್ಟ ಶುರುವಾಗೋದು ಇಲ್ಲೇ.

ಒಂದು ಲೆಕ್ಕ ಹಾಕೋಣ. ಮನೆಗೆ 40 ಲಕ್ಷ ಅಂದುಕೊಳ್ಳಿ, ತಿಂಗಳಿಗೆ 12,000 ಬಾಡಿಗೆ ಬರುತ್ತೆ ಅಂದುಕೊಳ್ಳಿ. ವರ್ಷಕ್ಕೆ 1,44,000, ಅಂದರೆ ನೂರಕ್ಕೆ ಮೂರೂವರೆ ರೂಪಾಯಿಯಷ್ಟು. ಈಗ 30 ಲಕ್ಷ ಸಾಲ ಮಾಡಿದರೆ, ಎಂಟೂವರೆ ಪರ್ಸೆಂಟ್ ಬಡ್ಡಿ, 20 ವರ್ಷ, ಕಂತು ಸುಮಾರು 26,000. ಬಾಡಿಗೆ ಬಂದರೂ ತಿಂಗಳಿಗೆ 14,000 ಕೈಯಿಂದ ಹೋಗುತ್ತೆ. ಅದೇ ಸಾಲವನ್ನು 15 ಲಕ್ಷಕ್ಕೆ ಇಳಿಸಿ ನೋಡಿ, ಕಂತು 13,000ದ ಆಸುಪಾಸಿಗೆ ಬರುತ್ತೆ, ಬಾಡಿಗೆ ಅದನ್ನು ಹೆಚ್ಚುಕಡಿಮೆ ಹೊರುತ್ತೆ. ನಮ್ಮ ಊರುಗಳ ಬಾಡಿಗೆಗೆ ದೊಡ್ಡ ಸಾಲ ಹೊರುವ ಶಕ್ತಿ ಇಲ್ಲ. ಹಾಗಾಗಿ ಬ್ಯಾಂಕಿನವರು ಎಷ್ಟು ಕೊಡ್ತಾರೆ ಅಂತ ನೋಡಬೇಡಿ, ಬಾಡಿಗೆ ಎಷ್ಟು ಕಟ್ಟುತ್ತೆ ಅಂತ ನೋಡಿ ಸಾಲ ಮಾಡಿ.

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲಕ್ಕೆ ಆಸ್ತಿಯ ಬೆಲೆಯ 90 ಪರ್ಸೆಂಟ್‌ವರೆಗೂ ಸಾಲ ಕೊಡಬಹುದು, 30ರಿಂದ 75 ಲಕ್ಷಕ್ಕೆ 80 ಪರ್ಸೆಂಟ್, ಅದರ ಮೇಲೆ 75. ಇದು ಮೇಲಿನ ಮಿತಿ ಅಷ್ಟೇ. ಇದರ ಮೇಲೆ ನೋಂದಣಿ ಖರ್ಚು ಬೇರೆ. ಮುದ್ರಾಂಕ ಶುಲ್ಕ 5 ಪರ್ಸೆಂಟ್, ಅದರ ಮೇಲೆ ಸೆಸ್ಸು ಸರ್‌ಚಾರ್ಜು, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕವೂ 1ರಿಂದ 2 ಪರ್ಸೆಂಟ್‌ಗೆ ಏರಿದೆ. ಎಲ್ಲ ಸೇರಿ ಏಳೂವರೆ ಪರ್ಸೆಂಟ್ ದಾಟುತ್ತೆ. 40 ಲಕ್ಷಕ್ಕೆ ಮೂರು ಲಕ್ಷಕ್ಕೂ ಜಾಸ್ತಿ ಆಯ್ತು. ಇಷ್ಟು ಬೆಲೆಯ ಮನೆಗೆ ಈ ದುಡ್ಡನ್ನು ಸಾಲದಲ್ಲಿ ಸೇರಿಸಲ್ಲ, ಕೈಯಿಂದಲೇ ಕಟ್ಟಬೇಕು. ಆಮೇಲೆ ರಿಪೇರಿಗೆ ದುಡ್ಡು ಬೇಕು. ಇದೆಲ್ಲ ಮೊದಲೇ ಎತ್ತಿಟ್ಟುಕೊಂಡು ಉಳಿದಿದ್ದರಲ್ಲಿ ಮನೆ ಹುಡುಕಿ.

ಪೇಟೆಯ ಹಳೇ ಮನೆ

ಇದಕ್ಕೆ ಜಾಸ್ತಿ ಜಾಗ ಕೊಡ್ತೀನಿ, ಯಾಕಂದ್ರೆ ಹೆಚ್ಚಿನವರಿಗೆ ಸರಿಹೋಗುವುದು ಇದೇ. ಬಾಡಿಗೆಗೆ ಯಾರು ಬರ್ತಾರೆ ಅಂತ ಮೊದಲು ಯೋಚನೆ ಮಾಡಿ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು 2016ರಲ್ಲಿ ಶುರುವಾಯ್ತು, ಅಲ್ಲಿನ ನರ್ಸುಗಳು, ಲ್ಯಾಬಿನವರು, ಕಿರಿಯ ಡಾಕ್ಟರುಗಳಿಗೆ ಮನೆ ಬೇಕು. ಜಿಲ್ಲಾ ಕಚೇರಿ, ಕೋರ್ಟು, ಬ್ಯಾಂಕುಗಳಿಗೆ ವರ್ಗವಾಗಿ ಬರುವವರಿಗೆ ಬೇಕು. ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜು, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಮತ್ತು ಇಂಜಿನಿಯರಿಂಗ್ ಕಾಲೇಜು, ಕೂಡಿಗೆಯಲ್ಲಿ ಸೈನಿಕ ಶಾಲೆ. ಶಾಲೆಯ ಮೇಷ್ಟ್ರು, ಬಸ್ಸಿನ ಕಂಡಕ್ಟರು, ಪೊಲೀಸಿನವರು, ಅಂಗಡಿ ಇಟ್ಟವರು, ಇವರೆಲ್ಲ ಜೂನ್ ತಿಂಗಳ ಮಳೆಯಲ್ಲೂ ಇಲ್ಲೇ ಇರುತ್ತಾರೆ, ಡಿಸೆಂಬರಿನಲ್ಲೂ ಇಲ್ಲೇ ಇರುತ್ತಾರೆ. ಅವರ ಬಾಡಿಗೆ ಸೀಸನ್ ನೋಡಿ ಬರೋದಲ್ಲ. ಎರಡು ರೂಮು, ನೀರು, ಸ್ಕೂಟರ್ ನಿಲ್ಲಿಸೋಕೆ ಜಾಗ, ಬಸ್‌ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ದೂರ, ಇಷ್ಟಿದ್ದರೆ ಮನೆ ಖಾಲಿ ಬೀಳೋದು ಕಡಿಮೆ. ಕಿಟಕಿಯಿಂದ ಬೆಟ್ಟ ಕಾಣಬೇಕು ಅಂತ ಇವರು ಯಾರೂ ಕೇಳಲ್ಲ.

ಮಡಿಕೇರಿಗೂ ಕುಶಾಲನಗರಕ್ಕೂ 30 ಕಿಲೋಮೀಟರ್ ಅಂತರ, ಆದರೆ ಮನೆ ಕೊಳ್ಳುವವನಿಗೆ ಇವೆರಡು ಬೇರೆಬೇರೆ ಲೋಕ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ, ಎಲ್ಲ ಕಡೆ ಇಳಿಜಾರು. ಅಲ್ಲಿ ಹೆದರಬೇಕಾದ್ದು ಬರೆಗೆ. ಮನೆಯ ಹಿಂದೆ ಗುಡ್ಡ ಕಡಿದು ನೆಟ್ಟಗೆ ನಿಲ್ಲಿಸಿದ ಬರೆ ಇದೆಯಾ, ಮನೆಯ ಮುಂದೆ ತುಂಬಿಸಿದ ಮಣ್ಣಿನ ಮೇಲೆ ಅಂಗಳ ನಿಂತಿದೆಯಾ, ತಡೆಗೋಡೆ ಇದ್ದರೆ ಅದರಲ್ಲಿ ನೀರು ಹೊರಗೆ ಬರಲು ಪೈಪು ಬಿಟ್ಟಿದ್ದಾರಾ, ಆ ಪೈಪಿನಿಂದ ನಿಜವಾಗಲೂ ನೀರು ಬರುತ್ತಾ, ಇಷ್ಟನ್ನೂ ನೋಡಿ. ತಡೆಗೋಡೆ ಹೊಟ್ಟೆ ಬಿಟ್ಟ ಹಾಗೆ ಮುಂದಕ್ಕೆ ಉಬ್ಬಿದ್ದರೆ ಆ ಮನೆ ಬಿಟ್ಟುಬಿಡಿ, ಎಷ್ಟೇ ಕಡಿಮೆಗೆ ಬಂದರೂ. 2018ರ ಆಗಸ್ಟಿನಲ್ಲಿ ಮಡಿಕೇರಿ ಪಟ್ಟಣದೊಳಗೇ ಇಂದಿರಾ ನಗರ, ಚಾಮುಂಡೇಶ್ವರಿ ನಗರ, ಮಂಗಳಾದೇವಿ ನಗರದಲ್ಲಿ ಮನೆಗಳು ಜಾರಿದ್ದನ್ನು ನಾವೆಲ್ಲ ಕಂಡಿದ್ದೇವೆ. ಮಕ್ಕಂದೂರು, ಜೋಡುಪಾಲ, ಕಾಲೂರಿನ ಕಡೆ ಆದದ್ದು ಇನ್ನೂ ದೊಡ್ಡದು. ಆಮೇಲೆ ಬಂದು ನೋಡಿದ ಭೂವಿಜ್ಞಾನಿಗಳು ಅತಿಯಾದ ಮಳೆಯ ಜೊತೆಗೆ ಇಳಿಜಾರನ್ನು ಕಡಿದು ರಸ್ತೆ, ಕಟ್ಟಡ ಮಾಡಿದ್ದನ್ನೂ ಕಾರಣ ಅಂದರು. ಅಂದರೆ ಕಡಿದಿದ್ದು ಪಕ್ಕದ ಮನೆಯವರೇ ಆಗಿದ್ದರೂ ಕುಸಿಯೋದು ನಿಮ್ಮ ಕಡೆಯ ಮಣ್ಣೇ ಆಗಿರಬಹುದು. ಹಾಗಾಗಿ ಮೇಲಿನ ಜಾಗ, ಕೆಳಗಿನ ಜಾಗ ಎರಡನ್ನೂ ನೋಡಬೇಕು.

ಕುಶಾಲನಗರ ಸಮತಟ್ಟು. ಮಳೆ ಮಡಿಕೇರಿಗಿಂತ ತುಂಬಾ ಕಡಿಮೆ. ಮೈಸೂರಿಗೆ ಹೋಗೋಕೆ ಸುಲಭ, ಮುಪ್ಪಿನಲ್ಲಿ ಮೆಟ್ಟಿಲು ಹತ್ತಲಾರದೆ ಗುಡ್ಡದ ಮನೆ ಬಿಟ್ಟು ಬಂದವರೂ ಅಲ್ಲಿ ಸಾಕಷ್ಟು ಜನ ಇದ್ದಾರೆ. ಅಲ್ಲಿ ಬರೆಯ ಭಯ ಇಲ್ಲ, ಕಾವೇರಿಯ ಭಯ ಇದೆ. 2018ರಲ್ಲೂ 2019ರಲ್ಲೂ ಕುವೆಂಪು ಬಡಾವಣೆ, ಸಾಯಿ ಬಡಾವಣೆಯ ಮನೆಗಳಿಗೆ ನೀರು ನುಗ್ಗಿತು.

ಒಮ್ಮೆ ಪರಿಚಯದವರ ಜೊತೆ ಅಲ್ಲಿ ಒಂದು ಮನೆ ನೋಡೋಕೆ ಹೋಗಿದ್ದೆ. ಹಾಲ್, ರೂಮುಗಳಿಗೆಲ್ಲ ಹೊಸ ಪೇಂಟು ಹೊಡೆದಿತ್ತು. ಅಡುಗೆಮನೆಯ ಹಿಂದಿನ ಸ್ಟೋರ್ ರೂಮಿಗೆ ಮಾತ್ರ ಹೊಡೆದಿರಲಿಲ್ಲ. ಅಲ್ಲಿ ಸೊಂಟದೆತ್ತರಕ್ಕೆ ನಾಲ್ಕೂ ಗೋಡೆಯಲ್ಲಿ ಒಂದೇ ಮಟ್ಟಕ್ಕೆ ಮಣ್ಣಿನ ಬಣ್ಣದ ಗೆರೆ ಇತ್ತು. ಬಾಗಿಲ ಚೌಕಟ್ಟಿನ ಮರ ಆ ಗೆರೆಯ ಕೆಳಗೆ ಉಬ್ಬಿ ಬಿರುಕು ಬಿಟ್ಟಿತ್ತು, ಮೇಲೆ ನುಣ್ಣಗೆ ಇತ್ತು. ಆಮೇಲೆ ಗಮನಿಸಿದರೆ ಇಡೀ ಮನೆಯ ಪ್ಲಗ್ ಪಾಯಿಂಟುಗಳನ್ನು ಎದೆಯ ಎತ್ತರಕ್ಕೆ ಸರಿಸಿದ್ದರು. ಮಾರುವವರು ನೀರಿನ ವಿಷಯ ಬಾಯಿಬಿಟ್ಟು ಹೇಳಲಿಲ್ಲ, ನಾವೇ ಕೇಳಿದ ಮೇಲೆ "ಒಂದೇ ಸಲ ಬಂದಿದ್ದು" ಅಂದರು. ಪಕ್ಕದ ಮನೆಯ ಅಜ್ಜಿ ಎರಡು ಸಲ ಅಂದರು. ಅಂಥ ಮನೆಯನ್ನು ಕೊಳ್ಳಲೇಬಾರದು ಅಂತ ನಾನು ಹೇಳಲ್ಲ. ಆದರೆ ಬೆಲೆ ಅದಕ್ಕೆ ತಕ್ಕ ಹಾಗೆ ಇಳಿಯಬೇಕು, ಬಾಡಿಗೆಗೆ ಬರುವವರಿಗೂ ನೀವು ಮೊದಲೇ ಹೇಳಬೇಕು. ಯಾರದ್ದೋ ಮನೆಯ ಸಾಮಾನು, ಮಕ್ಕಳ ಪುಸ್ತಕ ನೀರಲ್ಲಿ ಹೋಗುವ ವಿಷಯ ಇದು.

ಗೋಣಿಕೊಪ್ಪ, ವಿರಾಜಪೇಟೆ, ಸುಂಟಿಕೊಪ್ಪ, ಸೋಮವಾರಪೇಟೆಗೂ ಇದೇ ಮಾತು. ಒಂದು ವಿಷಯ ಮಾತ್ರ ಹೆಚ್ಚು ಜಾಗ್ರತೆ: ಗದ್ದೆ ತುಂಬಿಸಿ ಮಾಡಿದ ಜಾಗ. ಗದ್ದೆ ಅಂದರೆ ಸುತ್ತಲಿನ ನೀರೆಲ್ಲ ಬಂದು ಸೇರುತ್ತಿದ್ದ ತಗ್ಗು. ಮೇಲೆ ನಾಲ್ಕಡಿ ಮಣ್ಣು ಹಾಕಿದ ಮಾತ್ರಕ್ಕೆ ನೀರು ದಾರಿ ಮರೆಯಲ್ಲ. ಮಣ್ಣು ಕೂರುವಾಗ ಗೋಡೆ ಬಿರುಕು ಬಿಡುತ್ತೆ, ಶೌಚದ ಗುಂಡಿ ಮಳೆಗಾಲದಲ್ಲಿ ತುಂಬಿ ಮೇಲೆ ಬರುತ್ತೆ.

ಹಂಚಿನ ಮನೆ ಆದರೆ ಅಟ್ಟ ಹತ್ತಿ ಹಂಚು ಹೊರುವ ಮರದ ಪಕಾಸಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಗೆದ್ದಲು ಹಿಡಿದಿದ್ದರೆ ಮೇಲೆ ಗಟ್ಟಿ ಕಂಡರೂ ಒಳಗೆ ಹೂತು ಹೋಗುತ್ತೆ. ಮೇಲ್ಛಾವಣಿ ಪೂರ್ತಿ ಬದಲಿಸುವುದು ದೊಡ್ಡ ಖರ್ಚು, ಅದನ್ನು ಬೆಲೆ ಮಾತಾಡುವಾಗಲೇ ಮೇಲೆ ಎತ್ತಬೇಕು.

ಖಾಲಿ ಸೈಟು

ಸೈಟಿನ ಒಳ್ಳೆ ಗುಣ ಅಂದರೆ ಅದಕ್ಕೆ ರಿಪೇರಿ ಇಲ್ಲ, ಬಾಡಿಗೆದಾರರ ತಲೆನೋವು ಇಲ್ಲ. ಕೆಟ್ಟ ಗುಣ ಅಂದರೆ ತಿಂಗಳಿಗೆ ಒಂದು ರೂಪಾಯಿ ಕೊಡಲ್ಲ. ಸಾಲ ಮಾಡಿ ಸೈಟು ಕೊಂಡರೆ ಕಂತು ಪೂರ್ತಿ ನಿಮ್ಮ ಸಂಬಳದಿಂದಲೇ ಹೋಗಬೇಕು. ಬ್ಯಾಂಕುಗಳು ಸೈಟಿಗೆ ಮನೆಗಿಂತ ಕಡಿಮೆ ಸಾಲ ಕೊಡುತ್ತವೆ, ಇಷ್ಟು ವರ್ಷದೊಳಗೆ ಮನೆ ಕಟ್ಟಬೇಕು ಅನ್ನುವ ಷರತ್ತನ್ನೂ ಹಾಕುತ್ತವೆ. ಸಾಲ ಇಲ್ಲದೆ ಕೊಳ್ಳುವವರು, ಐದಾರು ವರ್ಷದಲ್ಲಿ ತಾವೇ ಕಟ್ಟಿಕೊಳ್ಳುವ ಯೋಚನೆ ಇರುವವರು, ಇಂಥವರಿಗೆ ಸೈಟು ಸರಿ.

ಲೇಔಟಿನಲ್ಲಿ ಕೊಳ್ಳುವುದಾದರೆ ಮೂರು ಕಾಗದ ಕೇಳಿ. ಡಿ.ಸಿ. ಕನ್ವರ್ಷನ್ (ಕೃಷಿ ಜಾಗವನ್ನು ಬೇರೆ ಬಳಕೆಗೆ ಬದಲಿಸುವ) ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ಲೇಔಟ್ ನಕ್ಷೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರು. 2016ರ ರೇರಾ ಕಾಯ್ದೆ ಬರೀ ಫ್ಲ್ಯಾಟಿಗೆ ಅಂತ ತುಂಬಾ ಜನ ತಿಳಿದಿದ್ದಾರೆ. 500 ಚದರ ಮೀಟರಿಗಿಂತ ದೊಡ್ಡ ಲೇಔಟಿಗೂ ಅದು ಅನ್ವಯ. ನಂಬರು ಕೊಟ್ಟರೆ ಕರ್ನಾಟಕ ರೇರಾದ ಜಾಲತಾಣದಲ್ಲಿ ಹಾಕಿ ನೋಡಿ, ಐದು ನಿಮಿಷದ ಕೆಲಸ. "ಇನ್ನೇನು ಬರುತ್ತೆ" ಅಂದರೆ, ಬಂದ ಮೇಲೆ ಅಡ್ವಾನ್ಸ್ ಕೊಡ್ತೀನಿ ಅನ್ನಿ. ಸೆಂಟ್ ಲೆಕ್ಕದಲ್ಲಿ ಮಾತಾಡುವಾಗ ಒಂದು ಸೆಂಟ್ ಅಂದರೆ ಸುಮಾರು 435 ಚದರಡಿ ಅನ್ನೋದು ತಲೆಯಲ್ಲಿರಲಿ, ಐದು ಸೆಂಟ್ ಅಂತ ಹೇಳಿ 30-40ರ ಸೈಟು ತೋರಿಸಿದರೆ ಎರಡು ಸೆಂಟಿಗೂ ಜಾಸ್ತಿ ಜಾಗಕ್ಕೆ ಕೊಟ್ಟ ಹಣ ಎಲ್ಲಿ ಹೋಯ್ತು ಅಂತ ಕೇಳಬೇಕಾಗುತ್ತೆ.

ಹಾಗೇ ಗುಡ್ಡದ ಮೇಲಿನ ಸೈಟು ಅಗ್ಗ ಅಂತ ಕೊಳ್ಳುವವರು ತಡೆಗೋಡೆಯ ಖರ್ಚನ್ನೂ ಸೈಟಿನ ಬೆಲೆಗೇ ಸೇರಿಸಿ ಹೋಲಿಸಿ. ಆಗ ಸಮತಟ್ಟು ಸೈಟು ದುಬಾರಿ ಅನ್ನಿಸಲ್ಲ.

ಹೋಂಸ್ಟೇ

ಎಲ್ಲರ ಕಣ್ಣು ಇದರ ಮೇಲೇ. ಒಂದು ರಾತ್ರಿಗೆ ಒಂದು ರೂಮಿಗೆ ಸಿಗುವ ದುಡ್ಡನ್ನು ಮೂವತ್ತರಿಂದ ಗುಣಿಸಿ, ಮೂರು ರೂಮಿಗೆ ಇಷ್ಟು, ವರ್ಷಕ್ಕೆ ಇಷ್ಟು ಅಂತ ಲೆಕ್ಕ ಹಾಕ್ತಾರೆ. ಆ ಲೆಕ್ಕ ತಪ್ಪೋದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮತ್ತೆ ವರ್ಷಪೂರ್ತಿ ಸೋಮವಾರದಿಂದ ಗುರುವಾರದವರೆಗೆ. ಶನಿವಾರ ಭಾನುವಾರ ತುಂಬಿದ ಮನೆ ಮಂಗಳವಾರ ಖಾಲಿ ಇರುತ್ತೆ. 2018ರ ಮಳೆಯಲ್ಲಿ ಪ್ರವಾಸಿಗರು ಬರುವುದೇ ನಿಂತಿತ್ತು, 2020ರಲ್ಲಿ ಕೋವಿಡ್ ಬಂದು ಎಲ್ಲ ಬಾಗಿಲು ಹಾಕಿತು. ಸಾಲ ಮಾಡಿ ರೂಮು ಕಟ್ಟಿದವರು ಆ ವರ್ಷಗಳಲ್ಲಿ ಪಟ್ಟ ಪಾಡು ನೆನಪಿದ್ದರೆ ಯಾರೂ ಹೋಂಸ್ಟೇಯ ವರಮಾನ ನಂಬಿ ದೊಡ್ಡ ಕಂತು ಒಪ್ಪಿಕೊಳ್ಳಲ್ಲ.

ಇನ್ನೊಂದು ವಿಷಯ. ಹೋಂಸ್ಟೇ ಅಂದರೆ ಮನೆಯವರು ಅಲ್ಲೇ ವಾಸ ಇದ್ದು, ತಮ್ಮ ಮನೆಯ ಕೆಲವು ರೂಮು ಅತಿಥಿಗಳಿಗೆ ಕೊಡುವುದು. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೇ ಆಧಾರದ ಮೇಲೆ ನಿಂತಿದೆ. ನೀವು ಬೆಂಗಳೂರಲ್ಲಿ ಕೂತು, ಇಲ್ಲಿ ಒಂದು ಮನೆ ಕೊಂಡು, ಒಬ್ಬ ಹುಡುಗನ ಕೈಗೆ ಕೀ ಕೊಟ್ಟರೆ ಅದು ಬೇರೆಯೇ ವ್ಯವಹಾರ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ಕಳಿಸಬೇಕು. ನೀರು, ಕಸ, ರಾತ್ರಿಯ ಸದ್ದು, ಅಕ್ಕಪಕ್ಕದವರ ಜೊತೆ ಮಾತು, ಇದೆಲ್ಲ ದಿನದ ಕೆಲಸ. ಹೋಂಸ್ಟೇ ಚೆನ್ನಾಗಿ ನಡೆಸುವ ಎಷ್ಟೋ ಮನೆಗಳು ನಮ್ಮಲ್ಲಿವೆ. ಅಲ್ಲೆಲ್ಲ ಒಬ್ಬರು, ಹೆಚ್ಚಾಗಿ ಮನೆಯ ಹೆಂಗಸರು, ಬೆಳಗ್ಗೆ ಐದಕ್ಕೆ ಎದ್ದು ಕಡಂಬುಟ್ಟು ನೂಪುಟ್ಟು ಮಾಡ್ತಿರುತ್ತಾರೆ. ಅವರ ದುಡಿಮೆಗೆ ಸಂಬಳ ಹಾಕಿ ಲೆಕ್ಕ ನೋಡಿ, ಆಮೇಲೆ ಎಷ್ಟು ಉಳಿಯುತ್ತೆ ಹೇಳಿ.

ಈಗಾಗಲೇ ದೊಡ್ಡ ಮನೆ ಇದೆ, ಎರಡು ರೂಮು ಖಾಲಿ ಬಿದ್ದಿವೆ, ಮನೆಯಲ್ಲಿ ಇದನ್ನು ಇಷ್ಟಪಟ್ಟು ಮಾಡುವವರು ಇದ್ದಾರೆ ಅಂದರೆ ಹೋಂಸ್ಟೇ ಖಂಡಿತ ಮಾಡಿ, ಹಾಕುವ ಬಂಡವಾಳ ಕಡಿಮೆ. ಅದಕ್ಕಾಗಿಯೇ ಹೊಸದಾಗಿ ಆಸ್ತಿ ಕೊಳ್ಳುವುದು ಮೊದಲ ಹೆಜ್ಜೆ ಇಡುವವರಿಗೆ ಬೇಡ.

ತೋಟದ ತುಂಡು

ತೋಟವನ್ನು ಸಣ್ಣ ಸಣ್ಣ ತುಂಡು ಮಾಡಿ, "ಕಾಫಿ ಗಿಡದ ನಡುವೆ ನಿಮ್ಮದೇ ಮನೆ" ಅಂತ ಮಾರುವುದು ಜಾಸ್ತಿಯಾಗಿದೆ. ಹೊರಗಿನವರಿಗೆ ಇದರ ಮೇಲೆ ಆಸೆ, ಊರಿನವರಿಗೂ ಇತ್ತೀಚೆಗೆ ಆಸೆ. ನನಗೆ ಇದರಲ್ಲೇ ಹೆಚ್ಚು ಭಯ, ಯಾಕಂದ್ರೆ ಕೊಡಗಿನ ಜಾಗದ ಕಾಗದ ಬೇರೆ ಜಿಲ್ಲೆಯ ಹಾಗಿಲ್ಲ.

ಜಮ್ಮಾ (ವಂಶಪಾರಂಪರ್ಯವಾಗಿ ಬಂದದ್ದು), ಸಾಗು, ಉಂಬಳಿ, ಬಾಣೆ, ಪೈಸಾರಿ, ದೇವರಕಾಡು, ಹೀಗೆ ಒಂದೊಂದು ಜಾಗಕ್ಕೂ ಒಂದೊಂದು ಹುಟ್ಟು. ಬಾಣೆ ಅಂದರೆ ಹಿಂದೆ ಗದ್ದೆಯ ಜೊತೆಗೆ ಸೊಪ್ಪು, ಸೌದೆ, ದನ ಮೇಯಿಸಲು ಕಂದಾಯ ಇಲ್ಲದೆ ಬಿಟ್ಟಿದ್ದ ಜಾಗ, ಈಗ ಹೆಚ್ಚಿನ ಕಡೆ ಕಾಫಿ ತೋಟ. ಪೈಸಾರಿ ಸರ್ಕಾರದ್ದು, ಅದರಲ್ಲಿ ಯಾರು ಎಷ್ಟು ವರ್ಷದಿಂದ ಗಿಡ ನೆಟ್ಟಿದ್ದರೂ ಮಂಜೂರಾಗದೆ ಮಾರೋಕೆ ಬರಲ್ಲ. ಮರದ ಹಕ್ಕು ಮತ್ತೊಂದು ಕಥೆ. ರಿಡೀಮ್ಡ್ ಜಾಗ ಆದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಹಕ್ಕು ಪಡೆದಿರುತ್ತಾರೆ, ಅನ್‌ರಿಡೀಮ್ಡ್ ಆದರೆ ಹಾಗಲ್ಲ. ಅಂಗಳದಲ್ಲಿ ನಿಂತ ಬೀಟೆ ಮರ ನಿಮ್ಮದು ಅಂದುಕೊಂಡು ದುಡ್ಡು ಕೊಟ್ಟು, ಆಮೇಲೆ ಅದು ನಿಮ್ಮದಲ್ಲ ಅಂತ ಗೊತ್ತಾದರೆ?

ಒಮ್ಮೆ ಒಂದು ತೋಟದ ಆರ್‌ಟಿಸಿ, ಅಂದರೆ ಪಹಣಿ, ನೋಡಿದ್ದೆ. ಒಂಬತ್ತನೇ ಕಾಲಮ್ಮಿನಲ್ಲಿ ಹೆಸರುಗಳು ಒಂದರ ಕೆಳಗೊಂದು ಪುಟದ ಅರ್ಧಕ್ಕೆ ಇಳಿದಿದ್ದವು. ಮೊದಲು ಮನೆತನದ ಹಿರಿಯರಾದ ಪಟ್ಟೇದಾರರ ಹೆಸರು, ಕೆಳಗೆ ಒಕ್ಕದ (ಮನೆತನದ) ಉಳಿದವರು. ಅದರಲ್ಲಿ ಕೆಲವರು ತೀರಿಕೊಂಡು ಎಷ್ಟೋ ವರ್ಷ ಆಗಿತ್ತು, ಹೆಸರು ಹಾಗೇ ಇತ್ತು. ಮಾರೋಕೆ ಬಂದಿದ್ದವರು ಒಬ್ಬರೇ, "ನಮ್ಮ ಪಾಲು ಇದು, ಎಲ್ಲರಿಗೂ ಗೊತ್ತು" ಅನ್ನುತ್ತಿದ್ದರು. ಬಾಯಿಮಾತಿನ ಪಾಲು ಮನೆಯೊಳಗೆ ನಡೆಯುತ್ತೆ. ಕೊಳ್ಳುವವನಿಗೆ ನೋಂದಣಿಯಾದ ಪಾಲುಪಟ್ಟಿ ಬೇಕು, ಸರ್ವೆ ಆಗಿ ಪೋಡಿ (ಪಾಲಿಗೆ ಪ್ರತ್ಯೇಕ ನಕ್ಷೆ, ನಂಬರು) ಆಗಿರಬೇಕು, ಹೆಸರಿರುವ ಎಲ್ಲರ, ತೀರಿಕೊಂಡವರ ವಾರಸುದಾರರ ಸಹಿ ಬೇಕು. ಒಂದು ಸಹಿ ಬಿಟ್ಟುಹೋದರೆ ಮುಂದೆ ಕೋರ್ಟಿನಲ್ಲಿ ಅವರೇ ಬಂದು ನಿಲ್ಲುತ್ತಾರೆ.

ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ಇದ್ದ ತಡೆಯನ್ನು ಭೂ ಸುಧಾರಣಾ ಕಾಯ್ದೆಯ 2020ರ ತಿದ್ದುಪಡಿ ತೆಗೆದುಹಾಕಿತು. ಹಾಗಂತ ತೋಟದಲ್ಲಿ ಕನ್ವರ್ಷನ್ ಇಲ್ಲದೆ ಮನೆ ಕಟ್ಟಿ ಬಾಡಿಗೆಗೆ ಕೊಡಬಹುದು ಅಂತಲ್ಲ. ಕೊಳ್ಳೋದು ಒಂದು, ಕಟ್ಟೋದು ಇನ್ನೊಂದು. ಇದರ ಜೊತೆ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯಲ್ಲಿ ಕೊಡಗಿನ ಹಲವು ಗ್ರಾಮಗಳ ಹೆಸರಿದೆ, ಅಭಯಾರಣ್ಯಗಳ ಸುತ್ತಲೂ ನಿರ್ಬಂಧ ಇರುವ ವಲಯ ಇದೆ. ನೀವು ನೋಡ್ತಿರುವ ಗ್ರಾಮ ಪಟ್ಟಿಯಲ್ಲಿದೆಯಾ ನೋಡಿ. ಆನೆ ಓಡಾಡುವ ದಾರಿಯಲ್ಲಿ ಜಾಗ ಇದೆಯಾ ಅಂತ ತೋಟದ ಕೆಲಸದವರನ್ನು ಕೇಳಿ, ಮಾರುವವರನ್ನಲ್ಲ.

ಕಾಫಿ ಗೊತ್ತಿರುವವರು, ದಿನಾ ತೋಟಕ್ಕೆ ಹೋಗಬಲ್ಲವರು, ತೋಟ ಅಂತಲೇ ತೋಟ ಕೊಳ್ಳಲಿ, ಅದು ಬೇರೆ ಮಾತು. ಮನೆ ಬಾಡಿಗೆಯ ಆಸೆಗೆ ಹತ್ತು ಇಪ್ಪತ್ತು ಸೆಂಟಿನ ತುಂಡು ಕೊಳ್ಳುವುದು ಬೇಡ.

ಮೈಸೂರಿನ ಫ್ಲ್ಯಾಟು

ಊರಲ್ಲಿ ಬರೆ, ಹೊಳೆ, ಜಮ್ಮಾ ಕಾಗದ ಅಂತ ಇಷ್ಟೆಲ್ಲ ತಲೆಬಿಸಿ ಇದ್ದರೆ ಮೈಸೂರಿಗೆ ಹೋಗೋಣ ಅನ್ನುವವರಿಗೆ ನಾನು ಬೇಡ ಅನ್ನಲ್ಲ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್, ಬೆಳಗ್ಗೆ ಹೋಗಿ ಸಂಜೆ ಬರಬಹುದು. ಬಾಡಿಗೆಗೆ ಜನ ಸಿಗ್ತಾರೆ, ಮಾರಬೇಕು ಅಂದಾಗ ಕೊಳ್ಳುವವರೂ ಬೇಗ ಸಿಗ್ತಾರೆ. ಕೊಡಗಿನಲ್ಲಿ ಒಂದು ಮನೆ ಮಾರಲು ವರ್ಷಗಟ್ಟಲೆ ಕಾಯುವುದೂ ಉಂಟು. ಮಕ್ಕಳು ಮೈಸೂರಲ್ಲಿ ಓದುತ್ತಿದ್ದರೆ ಕೆಲವು ವರ್ಷ ಅವರೇ ಇರಬಹುದು, ಹಾಸ್ಟೆಲ್ ಖರ್ಚು ಉಳಿಯುತ್ತೆ. ಇಂಥ ಮನೆಗಳಿಗೆ ಫ್ಲ್ಯಾಟು ನಿಜವಾಗಲೂ ಒಳ್ಳೆ ಆಯ್ಕೆ.

ಆದರೆ ಫ್ಲ್ಯಾಟಿನಲ್ಲಿ ನಿಮ್ಮ ಪಾಲಿನ ನೆಲ ಸ್ವಲ್ಪವೇ. ಕಟ್ಟಡ ಹಳೆಯದಾದಷ್ಟೂ ಅದರ ಬೆಲೆ ಇಳಿಯುತ್ತೆ, ಏರುವುದು ಆ ನೆಲದ ಪಾಲು ಮಾತ್ರ. ಬಾಡಿಗೆ ಬರಲಿ ಬಿಡಲಿ ತಿಂಗಳ ನಿರ್ವಹಣೆ ಶುಲ್ಕ ಕಟ್ಟಬೇಕು. ವಾಸಯೋಗ್ಯ ಪ್ರಮಾಣಪತ್ರ, ಅಂದರೆ ಎಲ್ಲರೂ ಓಸಿ ಅನ್ನುವ ಕಾಗದ, ಇಲ್ಲದ ಕಟ್ಟಡಕ್ಕೆ ಹೋಗಬೇಡಿ.

ಶೇರು ಮಾರುಕಟ್ಟೆಯ ರೀಟ್ (ಹಲವರ ದುಡ್ಡು ಸೇರಿಸಿ ಬಾಡಿಗೆ ಬರುವ ಕಟ್ಟಡಗಳಲ್ಲಿ ಹಾಕುವ ನಿಧಿ) ಬಗ್ಗೆಯೂ ಕೆಲವರು ಕೇಳ್ತಾರೆ. ನಮ್ಮ ದೇಶದಲ್ಲಿ ಮೊದಲ ರೀಟ್ 2019ರಲ್ಲಿ ಬಂತು. ಈಗಿರುವ ದೊಡ್ಡ ರೀಟ್‌ಗಳು ಆಫೀಸು, ಮಾಲುಗಳ ಬಾಡಿಗೆಯ ಮೇಲೆ ನಿಂತಿವೆ, ವಾಸದ ಮನೆಗಳ ಮೇಲಲ್ಲ. ಸಣ್ಣ ಮೊತ್ತ ಹಾಕುವವರಿಗೆ ಅದೊಂದು ದಾರಿ ಹೌದು, ಮನೆಗೆ ಬದಲಿ ಅಂತ ತಿಳಿಯಬೇಡಿ.

ಯಾವುದೇ ಕೊಂಡರೂ ನೋಡಬೇಕಾದ ಕಾಗದ

ಇಸಿ, ಅಂದರೆ ಆ ಜಾಗದ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ, ತೆಗೆಸಿ, 30 ವರ್ಷದ್ದು. ಪಂಚಾಯಿತಿ ವ್ಯಾಪ್ತಿ ಆದರೆ ಇ-ಸ್ವತ್ತಿನ ಖಾತಾ ಕಾಗದ. ಪಟ್ಟಣ ವ್ಯಾಪ್ತಿ ಆದರೆ ಇ-ಖಾತಾ. ಆರ್‌ಟಿಸಿ ಇರುವ ಜಾಗ ಆದರೆ ಹನ್ನೊಂದನೇ ಕಾಲಮ್ಮಿನಲ್ಲಿ ಸಾಲ, ತಕರಾರು ಏನಾದರೂ ನಮೂದಾಗಿದೆಯಾ ನೋಡಿ, ಸೊಸೈಟಿಯಲ್ಲಿ ತೆಗೆದ ಬೆಳೆಸಾಲ ಅಲ್ಲೇ ಕೂತಿರುತ್ತೆ. ಜಿಪಿಎ (ಬರೀ ಅಧಿಕಾರ ಪತ್ರ) ಮೇಲೆ ಮಾರ್ತೀನಿ ಅಂದರೆ ಎದ್ದು ಬನ್ನಿ. ಜಿಪಿಎ ಮಾರಾಟದಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಕೊಡಗಿನ ಕಂದಾಯ ದಾಖಲೆ ಓದಿ ಅಭ್ಯಾಸ ಇರುವ ಸ್ಥಳೀಯ ವಕೀಲರಿಗೇ ತೋರಿಸಿ. ಬೆಂಗಳೂರಿನ ವಕೀಲರು ಎಷ್ಟೇ ಜಾಣರಾದರೂ ಬಾಣೆ ಜಾಗದ ಕಾಗದ ಅವರ ಕೈಗೆ ದಿನಾ ಬರುವುದಿಲ್ಲ.

ತೆರಿಗೆಯ ವಿಷಯ ಚುಟುಕಾಗಿ. ಬಾಡಿಗೆಯಲ್ಲಿ ನೀವು ಕಟ್ಟಿದ ಕಂದಾಯ ಕಳೆದು, ಉಳಿದಿದ್ದರಲ್ಲಿ 30 ಪರ್ಸೆಂಟ್ ನೇರವಾಗಿ ವಿನಾಯಿತಿ. ಬಾಡಿಗೆಗೆ ಕೊಟ್ಟ ಮನೆಯ ಸಾಲದ ಬಡ್ಡಿಯನ್ನೂ ಬಾಡಿಗೆಯಿಂದ ಕಳೆಯಬಹುದು. ಹೊಸ ತೆರಿಗೆ ಪದ್ಧತಿಯಲ್ಲಿ ಬಡ್ಡಿ ಬಾಡಿಗೆಗಿಂತ ಜಾಸ್ತಿ ಆದರೆ ಆ ನಷ್ಟವನ್ನು ಸಂಬಳದಲ್ಲಿ ಕಳೆಯೋಕೆ ಬರಲ್ಲ. ಎರಡು ವರ್ಷ ಇಟ್ಟುಕೊಂಡು ಮಾರಿದರೆ ಲಾಭಕ್ಕೆ 12.5 ಪರ್ಸೆಂಟ್ ತೆರಿಗೆ, 2024ರ ಜುಲೈ 23ರಿಂದ ಹೀಗೆ. 50 ಲಕ್ಷ ಅಥವಾ ಮೇಲಿನ ವ್ಯವಹಾರ ಆದರೆ ಕೊಳ್ಳುವವರು ಮಾರುವವರಿಗೆ ಕೊಡುವ ಹಣದಲ್ಲಿ 1 ಪರ್ಸೆಂಟ್ ಟಿಡಿಎಸ್ (ಮೂಲದಲ್ಲೇ ಕಡಿತದ ತೆರಿಗೆ) ಹಿಡಿದು ಕಟ್ಟಬೇಕು, ಮಾರುವವರು ಅನಿವಾಸಿ ಆದರೆ ಲೆಕ್ಕವೇ ಬೇರೆ, ಆಗ ಆಡಿಟರನ್ನು ಕೇಳದೆ ಮುಂದೆ ಹೋಗಬೇಡಿ. ನಮ್ಮಲ್ಲಿ ಎಷ್ಟೋ ಮನೆಯ ಮಾಲೀಕರು ವಿದೇಶದಲ್ಲಿದ್ದಾರೆ, ಹಾಗಾಗಿ ಇದು ಅಪರೂಪದ ವಿಷಯ ಏನಲ್ಲ.

ಇನ್ನು ಕೊಳ್ಳುವ ಕಾಲ. ಕೊಡಗಿನಲ್ಲಿ ಆಸ್ತಿ ತೋರಿಸೋದು ಹೆಚ್ಚಾಗಿ ನವೆಂಬರ್‌ನಿಂದ ಮೇವರೆಗೆ. ಬಿಸಿಲಿರುತ್ತೆ, ಕಾಫಿ ಹೂ ಬಿಟ್ಟಿರುತ್ತೆ, ಎಲ್ಲ ಮನೆಯೂ ಚೆನ್ನಾಗಿಯೇ ಕಾಣುತ್ತೆ. ನೀವು ಬೇಸಿಗೆಯಲ್ಲಿ ಹತ್ತು ಮನೆ ನೋಡಿ ಮೂರು ಆರಿಸಿಟ್ಟುಕೊಳ್ಳಿ. ಜುಲೈ ಕೊನೆಗೋ ಆಗಸ್ಟ್ ಮೊದಲ ವಾರಕ್ಕೋ ಮಳೆ ಜೋರಾಗಿ ಹಿಡಿದಿರುವಾಗ ಆ ಮೂರನ್ನೂ ಮತ್ತೆ ನೋಡಿ. ಅಂಗಳದ ನೀರು ಯಾವ ಕಡೆ ಹರೀತಿದೆ, ಹಿಂದಿನ ಬರೆಯಲ್ಲಿ ಹೊಸ ಒರತೆ ಎದ್ದಿದೆಯಾ, ಮಲಗುವ ಕೋಣೆಯ ಗೋಡೆ ಬೆವರಿದೆಯಾ, ಆ ರಸ್ತೆಗೆ ಕರೆಂಟು ಎಷ್ಟು ದಿನ ಇಲ್ಲ, ಎಲ್ಲ ಒಂದೇ ಸಲಕ್ಕೆ ಗೊತ್ತಾಗುತ್ತೆ. ಮಾರುವವರು ಅವಸರ ಮಾಡಿದರೆ ಸಣ್ಣ ಮೊತ್ತ ಕೊಟ್ಟು ಕರಾರು ಬರೆಸಿಕೊಳ್ಳಿ, ಕಾಗದದಲ್ಲಿ ದೋಷ ಕಂಡರೆ ಅಡ್ವಾನ್ಸ್ ಪೂರ್ತಿ ವಾಪಸ್ ಅನ್ನುವ ಮಾತನ್ನು ಅದರಲ್ಲಿ ಹಾಕಿಸಿ. ಮಳೆ ನಿಂತ ಮೇಲೆ ರಿಪೇರಿ ಮುಗಿಸಿ, ಮಾರ್ಚ್ ಏಪ್ರಿಲ್ ಹೊತ್ತಿಗೆ ಮನೆ ಸಿದ್ಧ ಇಟ್ಟುಕೊಂಡರೆ, ಶಾಲೆ ಶುರುವಾಗುವ ಮುಂಚೆ ವರ್ಗವಾಗಿ ಬರುವವರು ಮನೆ ಹುಡುಕುವ ಸಮಯಕ್ಕೆ ಸರಿಯಾಗುತ್ತೆ. ಹನ್ನೊಂದು ತಿಂಗಳ ಕರಾರು ಮಾಡಿಕೊಂಡು, ಅಡ್ವಾನ್ಸ್ ಎಷ್ಟು, ಮಳೆಗಾಲದಲ್ಲಿ ಸೋರಿದರೆ ರಿಪೇರಿ ಯಾರದ್ದು ಅನ್ನೋದನ್ನು ಅದರಲ್ಲೇ ಬರೆದುಬಿಡಿ.